ಬೀದಿಯ ಹಳೆಯ ಕಬ್ಬಿಣವನ್ನು ಓದುವ ಬಗೆ: ಬ್ರಿಟನ್ನಿನ ಎರಕದ ಸಾಮಾನು ಮತ್ತು ಮುಚ್ಚಿಹೋದ ಉಕ್ಕಿನ ಕಾರ್ಖಾನೆಗಳು

ಬ್ರಿಟನ್ನಿನ ಹಳೆಯ ಪಟ್ಟಣಗಳ ಬೀದಿಗಳಲ್ಲಿ ನೂರು ವರ್ಷ ದಾಟಿದ ಕಬ್ಬಿಣ ಇಂದಿಗೂ ಕೆಲಸದಲ್ಲಿದೆ. ಒಳಚರಂಡಿಯ ಮುಚ್ಚಳ, ನೆಲಮಾಳಿಗೆಗೆ ಕಲ್ಲಿದ್ದಲು ಸುರಿಯುವ ಕಿಂಡಿಯ ಬಿಲ್ಲೆ, ಅಂಚೆ ಪೆಟ್ಟಿಗೆ, ದೀಪದ ಕಂಬ, ಮನೆಯ ಮುಂದಿನ ಸರಳಿನ ಬೇಲಿ, ಕೆಂಪು ಟೆಲಿಫೋನ್ ಪೆಟ್ಟಿಗೆ ಇವೆಲ್ಲ ಅಂಥವು. ಅದೇ ದೇಶದಲ್ಲಿ 1970ರಲ್ಲಿ ಸುಮಾರು 2.8 ಕೋಟಿ ಟನ್ ಇದ್ದ ಉಕ್ಕಿನ ಉತ್ಪಾದನೆ 2024ರ ವೇಳೆಗೆ 40 ಲಕ್ಷ ಟನ್ನಿನ ಆಸುಪಾಸಿಗೆ ಇಳಿದಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಕಟ್ಟಿ, ಸವೆದ ಮುಚ್ಚಳವೊಂದರ ಚಿತ್ರದ ಕೆಳಗೆ ಉಕ್ಕಿನ ಉದ್ಯಮದ ಅವಸಾನಕ್ಕೆ ಮರುಗುವುದು ಈಗ ರೂಢಿಯಾಗಿದೆ. ಮರುಗುವುದಕ್ಕೆ ಕಾರಣವೇನೋ ಇದೆ, ಆದರೆ ಆ ಮುಚ್ಚಳ ಅದಕ್ಕೆ ಸಾಕ್ಷಿಯಾಗದು, ಏಕೆಂದರೆ ಅದರಲ್ಲಿ ಉಕ್ಕೇ ಇಲ್ಲ. ಎರಕದ ಕಾರ್ಖಾನೆಗಳು ಮುಚ್ಚಿದ ದಾರಿ ಬೇರೆ, ಉಕ್ಕಿನ ಕಾರ್ಖಾನೆಗಳು ಮುಚ್ಚಿದ ದಾರಿ ಬೇರೆ. ಬೀದಿಯ ಕಬ್ಬಿಣದಿಂದ ಹೊರಟು ಕಾರ್ಖಾನೆಯ ಚರಿತ್ರೆಯನ್ನು ತಲುಪಬೇಕಾದರೆ ಮೊದಲು ಲೋಹವನ್ನು, ಆಮೇಲೆ ಅಕ್ಷರವನ್ನು, ಕಡೆಗೆ ಕಾರ್ಖಾನೆಯನ್ನು ಗುರುತಿಸಬೇಕು. ಈ ಕ್ರಮ ಹಿಂದುಮುಂದಾದರೆ ತಪ್ಪು ಊರಿಗೆ ಹೋಗಿ ಸೇರುತ್ತೇವೆ.

ಹೊರಡುವ ಮುನ್ನ

ಬೇಕಾಗುವ ಸಾಮಾನು ಕಡಿಮೆ: ಒಂದು ಟಾರ್ಚು, ಮೆದುವಾದ ಬ್ರಷ್ಷು, ಅಳತೆಯ ಟೇಪು, ಚಿಕ್ಕ ಅಯಸ್ಕಾಂತ, ನೋಟುಪುಸ್ತಕ ಮತ್ತು ಮೊಬೈಲಿನ ಕ್ಯಾಮೆರಾ. ಸವೆದ ಅಕ್ಷರ ನಡುಹಗಲಿನ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೆಳಕು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ, ಇಲ್ಲವೇ ಟಾರ್ಚನ್ನು ನೆಲದ ಮಟ್ಟದಲ್ಲಿ ಅಡ್ಡಲಾಗಿ ಹಿಡಿದಾಗ, ಅದೇ ಅಕ್ಷರ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ತುಂತುರು ಮಳೆ ಬಂದು ನಿಂತ ಹೊತ್ತೂ ಒಳ್ಳೆಯದೇ, ತಗ್ಗಿನಲ್ಲಿ ನಿಂತ ನೀರು ಉಬ್ಬಿದ ಭಾಗದ ಅಂಚನ್ನು ಬಿಡಿಸಿ ತೋರಿಸುತ್ತದೆ. ಅಯಸ್ಕಾಂತದಿಂದ ಹೆಚ್ಚು ನಿರೀಕ್ಷಿಸಬೇಡಿ. ಎರಕದ ಕಬ್ಬಿಣ, ಸುತ್ತಿಗೆಯಿಂದ ಬಡಿದು ರೂಪಿಸುವ ಮೆದು ಕಬ್ಬಿಣ (ರಾಟ್ ಐರನ್), ಸಾಮಾನ್ಯ ಉಕ್ಕು ಮೂರಕ್ಕೂ ಅದು ಅಂಟುವುದರಿಂದ ಅವುಗಳನ್ನು ಬೇರ್ಪಡಿಸಲು ಅದು ನೆರವಾಗದು. ಹಳೆಯ ಮಾದರಿಯಲ್ಲಿ ಈಚೆಗೆ ಅಲ್ಯೂಮಿನಿಯಂ ಅಥವಾ ಫೈಬರ್ ಗ್ಲಾಸಿನಿಂದ ಮಾಡಿ ನಿಲ್ಲಿಸಿದ ಕಂಬವನ್ನು ಪತ್ತೆಮಾಡಲು ಮಾತ್ರ ಅದು ಸಾಕು.

ತಂತಿಯ ಬ್ರಷ್ಷನ್ನು ಮನೆಯಲ್ಲೇ ಬಿಡಿ. ಹಳೆಯ ಕಬ್ಬಿಣದ ಮೇಲಿನ ಬಣ್ಣದ ಪದರಗಳಲ್ಲಿ ಸೀಸ ಇರುವುದು ಸಾಮಾನ್ಯವಾದುದರಿಂದ ಅದನ್ನು ಕೆರೆಯುವುದಾಗಲಿ ಉಜ್ಜುವುದಾಗಲಿ ಆರೋಗ್ಯಕ್ಕೂ ವಸ್ತುವಿಗೂ ಹಾನಿ. ಮುಚ್ಚಳವನ್ನು ಎತ್ತಕೂಡದು, ವಾಹನ ಓಡುವ ದಾರಿಯ ನಡುವೆ ಕುಳಿತು ಚಿತ್ರ ತೆಗೆಯಲೂಕೂಡದು. ಅಷ್ಟೇ ಹಳೆಯ ಸಾಮಾನು ಕಾಲುದಾರಿಯ ಮೇಲೆಯೇ ಧಾರಾಳವಾಗಿ ಸಿಗುತ್ತದೆ.

ಮೊದಲು ಲೋಹ

ಮೂರು ಲೋಹಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಇಂಗಾಲದ ಪ್ರಮಾಣ. ಎರಕದ ಕಬ್ಬಿಣದಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಅದು ಸುಲಭವಾಗಿ ಕರಗಿ ಮರಳಿನ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಎಳೆತಕ್ಕೆ ಸಿಕ್ಕಿದರೆ ಬಾಗದೆ ಮುರಿಯುತ್ತದೆ. ಮೆದು ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ, ಅದರ ಬದಲು ಕಿಟ್ಟದ, ಅಂದರೆ ಕರಗಿಸುವಾಗ ಉಳಿದ ಕಲ್ಮಶದ, ಸಣ್ಣ ಎಳೆಗಳು ಉದ್ದಕ್ಕೂ ಹಾಯ್ದಿರುತ್ತವೆ. ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಇವೆರಡರ ನಡುವಿನದು, ಬೀದಿಯಲ್ಲಿ ಸಿಗುವ ಬಗೆಯ ಉಕ್ಕಿನಲ್ಲಿ ಶೇಕಡಾ 1ಕ್ಕಿಂತ ಕಡಿಮೆ, ಮತ್ತು ಅದರಲ್ಲಿ ಕಿಟ್ಟದ ಎಳೆಗಳು ಇರುವುದಿಲ್ಲ.

ಇದನ್ನು ಕಣ್ಣಿನಿಂದಲೇ ಪತ್ತೆಮಾಡಬಹುದು. ಎರಕದ ವಸ್ತು ದಪ್ಪವಾಗಿರುತ್ತದೆ, ಅದರ ಮೂಲೆಗಳು ತುಸು ಗುಂಡಗಿರುತ್ತವೆ, ಮೈ ಮರಳಿನ ಮೇಲೆ ಒತ್ತಿ ತೆಗೆದಂತೆ ತರಿತರಿಯಾಗಿರುತ್ತದೆ. ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ತೆಳುವಾದ ಗೆರೆಯೊಂದು ಮೇಲಿನಿಂದ ಕೆಳಗಿನವರೆಗೆ ಓಡುತ್ತದೆ. ದೀಪದ ಕಂಬದ ಬದಿಯಲ್ಲಿ ಬೆರಳಾಡಿಸಿದರೆ ಬಣ್ಣದ ಪದರಗಳ ಅಡಿಯಲ್ಲೂ ಅದು ತಗಲುತ್ತದೆ. ಒಂದೇ ಬೇಲಿಯ ನೂರು ಸರಳುಗಳ ತುದಿಯ ಮೊಗ್ಗುಗಳಲ್ಲಿ ಒಂದೇ ಎಲೆಯ ಮೇಲೆ ಒಂದೇ ಕಡೆ ಒಂದೇ ಬಗೆಯ ಕುಂದು ಕಂಡರೆ ಅವೆಲ್ಲ ಒಂದೇ ಮಾದರಿಯಿಂದ ತೆಗೆದ ಎರಕಗಳು. ಮೆದು ಕಬ್ಬಿಣದ ಕೆಲಸದಲ್ಲಿ ಇಂಥ ಏಕರೂಪ ಇರುವುದಿಲ್ಲ: ಸುರುಳಿಗಳು ತುದಿಗೆ ಹೋದಂತೆ ತೆಳುವಾಗುತ್ತವೆ, ಸುತ್ತಿಗೆಯ ಪೆಟ್ಟಿನ ಮಟ್ಟಸ ಗುರುತುಗಳಿರುತ್ತವೆ, ಎರಡು ಪಟ್ಟಿಗಳು ಕೂಡುವಲ್ಲಿ ಬಿಸಿಯಾಗಿ ಸುತ್ತಿದ ಪಟ್ಟೆ ಇರುತ್ತದೆ. ಅದು ತುಕ್ಕು ಹಿಡಿದಾಗ ಹಳೆಯ ಮರದ ತೊಲೆ ಸೀಳು ಬಿಡುವಂತೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಮತ್ತು ಈ ಒಂದು ಗುರುತು ಉಳಿದ ಎಲ್ಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಉಕ್ಕಿನ ಪಟ್ಟಿ ಉದ್ದಕ್ಕೂ ಒಂದೇ ಅಳತೆಯದಾಗಿದ್ದು, ಅಂಚು ಚೂಪಾಗಿದ್ದು, ಕೂಡಿಸಿದ ಕಡೆ ರಿವೆಟ್ ಅಥವಾ ವಿದ್ಯುತ್ ಬೆಸುಗೆಯ ಗಂಟು ಕಾಣುತ್ತದೆ. ಮೆದು ಕಬ್ಬಿಣದ ವಾಣಿಜ್ಯ ತಯಾರಿಕೆ ಬ್ರಿಟನ್ನಿನಲ್ಲಿ 1970ರ ದಶಕದಲ್ಲೇ ನಿಂತಿತು. ಕೊನೆಯ ಕಾರ್ಖಾನೆಯ ಯಂತ್ರಗಳು ಬೋಲ್ಟನ್ನಿನಿಂದ ಐರನ್‌ಬ್ರಿಜ್ ಬಳಿಯ ಬ್ಲಿಸ್ಟ್ಸ್ ಹಿಲ್ ವಸ್ತುಸಂಗ್ರಹಾಲಯಕ್ಕೆ ಹೋದವು. ಆದ್ದರಿಂದ ಇಂದು ಮೆದು ಕಬ್ಬಿಣದ ಗೇಟು ಎಂದು ಜಾಹೀರಾತು ಮಾಡಿ ಮಾರುವುದು ಹೆಚ್ಚುಕಡಿಮೆ ಎಲ್ಲವೂ ಉಕ್ಕಿನದು.

ಲೋಹ ತಿಳಿದರೆ ಕಾಲದ ಎಲ್ಲೆಯೂ ಸ್ಥೂಲವಾಗಿ ತಿಳಿಯುತ್ತದೆ. ಎಬ್ರಹಾಂ ಡಾರ್ಬಿ ಕೋಲ್‌ಬ್ರೂಕ್‌ಡೇಲಿನಲ್ಲಿ ಇದ್ದಿಲಿನ ಬದಲು ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಸಿ ಅದಿರು ಕರಗಿಸಿದ್ದು 1709ರಲ್ಲಿ, ಮತ್ತು ಅಗ್ಗದ ಎರಕದ ಯುಗಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ಲಿನ ಸುತ್ತ 1714ರಲ್ಲಿ ಹಾಕಿದ ಎರಕದ ಬೇಲಿ ಮಾತ್ರ ಹಳೆಯ ಲೋಕಕ್ಕೆ ಸೇರಿದ್ದು. ಅದು ತಯಾರಾದದ್ದು ಲ್ಯಾಂಬರ್‌ಹರ್ಸ್ಟಿನ ಇದ್ದಿಲಿನ ಕುಲುಮೆಯಲ್ಲಿ, ಮತ್ತು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ನನಿಗೆ ಆ ಬೇಲಿಯೇ ಬೇಡವಾಗಿತ್ತು. ಹೆನ್ರಿ ಕಾರ್ಟ್ 1784ರಲ್ಲಿ ಹಕ್ಕುಪತ್ರ (ಪೇಟೆಂಟ್) ಪಡೆದ ವಿಧಾನದಿಂದ ಮೆದು ಕಬ್ಬಿಣ ಹೇರಳವಾಯಿತು. ಉಕ್ಕು ಅಗ್ಗವಾದದ್ದು ಹೆನ್ರಿ ಬೆಸೆಮರ್ 1856ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ ಮೇಲೆ, ಅದೂ ಕೂಡಲೇ ಅಲ್ಲ. ಸೇತುವೆಗಳಿಗೆ ಉಕ್ಕನ್ನು ಬಳಸಲು ಬ್ರಿಟಿಷ್ ಸರಕಾರದ ವಾಣಿಜ್ಯ ಮಂಡಳಿ ಒಪ್ಪಿದ್ದು 1877ರಲ್ಲಿ. ಎರಡೇ ವರ್ಷದ ಮೇಲೆ, 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಟೇ ಸೇತುವೆ ಕುಸಿಯಿತು. ಅದರ ಎರಕದ ಕಂಬಗಳ ಕಿವಿಗಳು, ಅಂದರೆ ಅಡ್ಡಪಟ್ಟಿಗಳನ್ನು ಹಿಡಿದಿದ್ದ ಭಾಗಗಳು, ಎಳೆತಕ್ಕೆ ಕಿತ್ತುಹೋಗಿದ್ದವು. ಆ ನಂತರ ಕಟ್ಟಿ 1890ರಲ್ಲಿ ತೆರೆದ ಫೋರ್ತ್ ಸೇತುವೆ ಪೂರ್ತಿ ಉಕ್ಕಿನದು. ಹಾಗಾಗಿ 1850ಕ್ಕೆ ಮೊದಲಿನ ಬೀದಿಯ ಸಾಮಾನಿನಲ್ಲಿ ಉಕ್ಕನ್ನು ಹುಡುಕುವುದು ವ್ಯರ್ಥ, 1890ರ ಮೇಲಿನ ಕಟ್ಟಡದ ತೊಲೆ ಉಕ್ಕಿನದೆಂದು ಊಹಿಸುವುದು ಬಹುಮಟ್ಟಿಗೆ ಸುರಕ್ಷಿತ.

ಆಮೇಲೆ ಅಕ್ಷರ

ಎರಕದ ವಸ್ತುವಿನ ಮೇಲೆ ಉಬ್ಬಿರುವ ಹೆಸರು ಅದನ್ನು ಎರಕ ಹೊಯ್ದವರದೇ ಆಗಿರಬೇಕೆಂಬ ನಿಯಮವಿಲ್ಲ. ಆ ಹೆಸರು ಅಂಗಡಿಯವನದಾಗಿರಬಹುದು, ಗುತ್ತಿಗೆದಾರನದಾಗಿರಬಹುದು, ವಿನ್ಯಾಸದ ಹಕ್ಕು ಪಡೆದವನದಾಗಿರಬಹುದು, ಅಥವಾ ಅದನ್ನು ಹಾಕಿಸಿದ ನಗರಸಭೆಯದಾಗಿರಬಹುದು. ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿ ಥಾಮಸ್ ಕ್ರ್ಯಾಪರ್ ಹೆಸರಿನ ಮುಚ್ಚಳಗಳನ್ನು ಪ್ರವಾಸಿಗರು ಹುಡುಕಿಕೊಂಡು ಹೋಗಿ ನೋಡುತ್ತಾರೆ. ಆತ ಚೆಲ್ಸಿಯ ನೈರ್ಮಲ್ಯ ಕೆಲಸದ ಗುತ್ತಿಗೆದಾರನೇ ಹೊರತು ಎರಕದವನಲ್ಲ. ಲಂಡನ್ನಿನ ಕಲ್ಲಿದ್ದಲು ಕಿಂಡಿಯ ಬಿಲ್ಲೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಸುಮಾರು 30ರಿಂದ 35 ಸೆಂಟಿಮೀಟರ್ ಅಗಲದ ಈ ಬಿಲ್ಲೆಗಳು ಕಾಲುದಾರಿಯಲ್ಲಿ ಮನೆಗೊಂದರಂತೆ ಕೂತಿವೆ. ಕಲ್ಲಿದ್ದಲಿನ ಚೀಲ ಸುರಿಯಲು ಸಾಕಾಗುವಷ್ಟು ದೊಡ್ಡದು, ಕಳ್ಳ ನುಸುಳಲಾರದಷ್ಟು ಚಿಕ್ಕದು. ಮೇಲಿನ ನಕ್ಷತ್ರ, ಹೂವು, ಗೆರೆಗಳ ಉಬ್ಬುಚಿತ್ತಾರ ಮಳೆಯಲ್ಲಿ ಕಾಲು ಜಾರದಿರಲೆಂದು ಮಾಡಿದ್ದು. ಅಂಚಿನ ಸುತ್ತ ಬರೆದ ಹೆಸರು ಅನೇಕ ವೇಳೆ ಆ ಬೀದಿಗೆ ಹತ್ತಿರದ ಕಬ್ಬಿಣದ ಅಂಗಡಿಯದು. ಬರೋ ಪ್ರದೇಶದ ಹೇವರ್ಡ್ ಬ್ರದರ್ಸ್‌ನಂಥ ಹೆಸರು ಲಂಡನ್ನಿನ ಮೂಲೆಮೂಲೆಗೂ ಹರಡಿದ್ದರೆ, ಅಂಗಡಿಯವನ ಹೆಸರು ನಾಲ್ಕು ಬೀದಿ ದಾಟುವಷ್ಟರಲ್ಲಿ ಮಾಯವಾಗುತ್ತದೆ. ಈ ಹರವನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಂಡರೆ ತಯಾರಕ ಯಾರು, ಮಾರಾಟಗಾರ ಯಾರು ಎಂಬುದು ತಾನಾಗಿ ಬೇರ್ಪಡುತ್ತದೆ.

ಹೆಸರಿಗಿಂತ ಹೆಚ್ಚು ನಂಬಬಹುದಾದದ್ದು ಸಂಸ್ಥೆಗಳ ಆಯುಷ್ಯ. ಲಂಡನ್ ಕೌಂಟಿ ಕೌನ್ಸಿಲ್ ಇದ್ದದ್ದು 1889ರಿಂದ 1965ರವರೆಗೆ. ಮೆಟ್ರೋಪಾಲಿಟನ್ ವಾಟರ್ ಬೋರ್ಡ್ 1903ರಲ್ಲಿ ಹುಟ್ಟಿ 1974ರಲ್ಲಿ ಕೊನೆಗೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಕೌಂಟಿ ಬರೋಗಳು, ಅಂದರೆ ಸ್ವಂತ ಆಡಳಿತದ ದೊಡ್ಡ ಪಟ್ಟಣಗಳು, 1889ರಿಂದ 1974ರವರೆಗಿದ್ದವು. ಇವುಗಳ ಪೂರ್ಣ ಹೆಸರೋ ಮೊದಲಕ್ಷರಗಳೋ ಮುಚ್ಚಳದ ಮೇಲಿದ್ದರೆ ಆ ಮುಚ್ಚಳ ಆ ಅವಧಿಯ ಹೊರಗಿನದಾಗಿರುವ ಸಂಭವ ಬಹಳ ಕಡಿಮೆ. ಖಾಸಗಿ ಅನಿಲ ಕಂಪನಿಯ ಹೆಸರಿದ್ದರೆ 1949ರ ರಾಷ್ಟ್ರೀಕರಣಕ್ಕೆ ಮೊದಲು, ವಿದ್ಯುತ್ ಕಂಪನಿಯ ಹೆಸರಿದ್ದರೆ 1948ಕ್ಕೆ ಮೊದಲು. ಇನ್ನೊಂದು ತುದಿಯಲ್ಲಿ, ಇಎನ್ 124 ಎಂಬ ಐರೋಪ್ಯ ಮಾನಕದ ಸಂಖ್ಯೆಯೂ ಡಿ 400ನಂಥ ವರ್ಗದ ಗುರುತೂ ಇರುವ ಮುಚ್ಚಳ 1990ರ ದಶಕದ ಈಚಿನದು. 400 ಎಂದರೆ ಅದು 400 ಕಿಲೋನ್ಯೂಟನ್ ಭಾರದ ಪರೀಕ್ಷೆಯನ್ನು ತಾಳಬೇಕೆಂದು. ಅದರ ಲೋಹವೂ ಹಳೆಯ ಎರಕವಲ್ಲ, 1940ರ ದಶಕದಲ್ಲಿ ರೂಪುಗೊಂಡ ಡಕ್ಟೈಲ್ ಕಬ್ಬಿಣ. ಅದರಲ್ಲಿ ಮೆಗ್ನೀಷಿಯಂ ಬೆರೆಸಿ ಗ್ರಾಫೈಟನ್ನು ಪದರಗಳ ಬದಲು ಗುಂಡುಗಳಾಗಿಸಿರುವುದರಿಂದ ಮುಚ್ಚಳ ತೆಳ್ಳಗಿದ್ದರೂ ಒಡೆಯುವುದಿಲ್ಲ.

ಕೆಲವು ಎರಕಗಳ ಮೇಲೆ ಚಿಕ್ಕ ವಜ್ರಾಕೃತಿ ಸಿಗುತ್ತದೆ. ಇದು 1842ರಿಂದ 1883ರವರೆಗೆ ಜಾರಿಯಲ್ಲಿದ್ದ ವಿನ್ಯಾಸ ನೋಂದಣಿಯ ಮುದ್ರೆ. ನೆತ್ತಿಯ ಮೇಲಿನ ವೃತ್ತದಲ್ಲಿ ರೋಮನ್ ಒಂದು ಇದ್ದರೆ ಲೋಹದ ವರ್ಗ. ವಜ್ರದ ನಾಲ್ಕು ಮೂಲೆಗಳಲ್ಲಿ ವರ್ಷ, ತಿಂಗಳು, ದಿನ ಮತ್ತು ಕಡತದ ಸಂಖ್ಯೆಯ ಸಂಕೇತಗಳಿರುತ್ತವೆ. 1867ರವರೆಗೆ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. ಅಕ್ಷರಗಳು ಅನುಕ್ರಮವಾಗಿ ಬರುವುದಿಲ್ಲವಾದ್ದರಿಂದ ಕೋಷ್ಟಕವನ್ನು ನೋಡಲೇಬೇಕು. 1884ರಿಂದ ವಜ್ರ ಹೋಗಿ ಬರಿಯ ನೋಂದಣಿ ಸಂಖ್ಯೆ ಬಂತು. ಇಲ್ಲಿ ಸಿಗುವ ತಾರೀಖು ವಿನ್ಯಾಸ ನೋಂದಣಿಯಾದ ದಿನದ್ದು. ಅದೇ ಮಾದರಿಯಿಂದ ಇಪ್ಪತ್ತು ವರ್ಷಗಳ ಮೇಲೂ ಎರಕ ಹೊಯ್ದಿರಬಹುದು.

ಅಂಚೆ ಪೆಟ್ಟಿಗೆ ಕಲಿಯುವವರಿಗೆ ಅತ್ಯಂತ ಅನುಕೂಲವಾದ ವಸ್ತು, ಏಕೆಂದರೆ ಅದರ ಮೈಮೇಲೆಯೇ ರಾಜನ ಹೆಸರಿನ ಮೊದಲಕ್ಷರಗಳಿವೆ. ಕಾದಂಬರಿಕಾರನೂ ಅಂಚೆ ಇಲಾಖೆಯ ಅಧಿಕಾರಿಯೂ ಆಗಿದ್ದ ಆಂಟನಿ ಟ್ರೊಲೋಪ್ ಸಲಹೆಯಂತೆ 1852ರಲ್ಲಿ ಜರ್ಸಿ ದ್ವೀಪದಲ್ಲಿ ಮೊದಲ ಪೆಟ್ಟಿಗೆಗಳು ನಿಂತವು, ಮರುವರ್ಷ ಕಾರ್ಲೈಲಿನಲ್ಲಿ. ವಿಕ್ಟೋರಿಯಾಳಿಂದ ಎರಡನೆಯ ಎಲಿಜಬೆತ್‌ವರೆಗಿನ ಲಾಂಛನಗಳನ್ನು ಗುರುತಿಸುವುದು ಕಷ್ಟವಲ್ಲ. 1936ರಲ್ಲಿ ಒಂದು ವರ್ಷವೂ ತುಂಬದೆ ಸಿಂಹಾಸನ ಬಿಟ್ಟ ಎಂಟನೆಯ ಎಡ್ವರ್ಡ್‌ನ ಲಾಂಛನವಿರುವವು ಮಾತ್ರ ಅಪರೂಪ. ಲಾಂಛನವೇ ಇಲ್ಲದ ಪೆಟ್ಟಿಗೆ ಸಿಕ್ಕರೆ ಅದು ನಕಲಲ್ಲ: ಡರ್ಬಿಯ ಹ್ಯಾಂಡಿಸೈಡ್ ಕಾರ್ಖಾನೆ 1879ರಿಂದ 1887ರವರೆಗೆ ಹೊಯ್ದ ಪೆಟ್ಟಿಗೆಗಳಲ್ಲಿ ರಾಣಿಯ ಲಾಂಛನ ಬಿಟ್ಟುಹೋಗಿತ್ತು. ಎಂಟು ವರ್ಷ ಯಾರ ಕಣ್ಣಿಗೂ ಅದು ಬೀಳಲಿಲ್ಲ ಅಥವಾ ಬಿದ್ದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸ್ಕಾಟ್ಲೆಂಡಿನಲ್ಲಿ ಎರಡನೆಯ ಎಲಿಜಬೆತ್ ಎಂಬುದಕ್ಕೇ ತಕರಾರಿತ್ತು, ಏಕೆಂದರೆ ಆ ದೇಶಕ್ಕೆ ಮೊದಲನೆಯ ಎಲಿಜಬೆತ್ ಎಂದೂ ರಾಣಿಯಾಗಿರಲಿಲ್ಲ. ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ ಅಂಥ ಪೆಟ್ಟಿಗೆಯೊಂದನ್ನು 1953ರಲ್ಲಿ ಸ್ಫೋಟಿಸಿದ ಮೇಲೆ ಅಲ್ಲಿನ ಪೆಟ್ಟಿಗೆಗಳ ಮೇಲೆ ಸ್ಕಾಟಿಷ್ ಕಿರೀಟ ಮಾತ್ರ ಬರತೊಡಗಿತು. ಲಾಂಛನ ನೋಡಿ ಮುಗಿದ ಮೇಲೆ ಬಗ್ಗಿ ಬುಡದ ಕಪ್ಪು ಬಣ್ಣದ ಭಾಗವನ್ನು ನೋಡಿ. ತಯಾರಕನ ಹೆಸರು ಇರುವುದು ಅಲ್ಲಿ, ಮತ್ತು ಅಂಚೆ ಇಲಾಖೆ ನೇರವಾಗಿ ಕಾರ್ಖಾನೆಗೇ ಕೆಲಸ ಒಪ್ಪಿಸುತ್ತಿದ್ದುದರಿಂದ ಈ ಹೆಸರನ್ನು ನಂಬಬಹುದು.

ಕೆ6 ಎಂದು ಕರೆಯುವ ಟೆಲಿಫೋನ್ ಪೆಟ್ಟಿಗೆಯನ್ನು ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ರೂಪಿಸಿದರು. ಅದರ ನೆತ್ತಿಯ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿದ್ದರೆ 1953ಕ್ಕೆ ಮೊದಲಿನದು, ನಡುವೆ ತಗ್ಗಿದ್ದರೆ ಆಮೇಲಿನದು. ಕಾರ್ಖಾನೆಯ ಹೆಸರನ್ನು ಹಿಂಬದಿಯ ಬುಡದಲ್ಲಿ ಹುಡುಕಿ.

ಇಲ್ಲದ ಕಬ್ಬಿಣವನ್ನೂ ನೋಡಿ

ಅನೇಕ ಬೀದಿಗಳ ಮೋಟುಗೋಡೆಯ ಕಲ್ಲಿನಲ್ಲಿ ಸಮ ಅಂತರದಲ್ಲಿ ಕತ್ತರಿಸಿದ ಕಬ್ಬಿಣದ ಮೊಳೆಗಳಂಥ ತುಂಡುಗಳು ಕಾಣುತ್ತವೆ, ಕೆಲವೆಡೆ ಸೀಸ ಹೊಯ್ದು ಹಿಡಿಸಿದ ಕುಳಿ ಮಾತ್ರ ಉಳಿದಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದೀಚೆಗೆ, ಗುಜರಿ ಕಬ್ಬಿಣಕ್ಕಾಗಿ ಸರಕಾರ ಕತ್ತರಿಸಿ ಒಯ್ದ ಬೇಲಿಗಳ ಬುಡ ಇವು. ನೆಲಮಾಳಿಗೆಯ ಹಳ್ಳಕ್ಕೆ ಜನ ಬೀಳದಂತೆ ಹಾಕಿದ್ದ ಬೇಲಿಗಳನ್ನು ಸುರಕ್ಷತೆಗಾಗಿ ಉಳಿಸಿದರು. ಆದ್ದರಿಂದ ಒಂದೇ ಬೀದಿಯ ಒಂದು ಬದಿಯಲ್ಲಿ ಬೇಲಿ ಇದ್ದು ಇನ್ನೊಂದು ಬದಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಕಾರಣ ಮನೆಗಳ ವಿನ್ಯಾಸದಲ್ಲೇ ಸಿಗಬಹುದು. ಕಿತ್ತ ಬೇಲಿಗಳನ್ನು ಥೇಮ್ಸ್ ನದಿಯ ಅಳಿವೆಯಲ್ಲಿ ಸುರಿದರೆಂಬ ಕಥೆ ಎಲ್ಲೆಡೆ ಕೇಳಿಬರುತ್ತದೆ. ದಾಖಲೆ ಕೈಯಲ್ಲಿಲ್ಲದೆ ಅದನ್ನು ಟಿಪ್ಪಣಿಗೆ ಸೇರಿಸಬೇಡಿ. ದಕ್ಷಿಣ ಲಂಡನ್ನಿನ ಕೆಲವು ವಸತಿ ಸಮುಚ್ಚಯಗಳಲ್ಲಿ ಇದರ ಮುಂದಿನ ಅಧ್ಯಾಯವೂ ಇದೆ. ವಾಯುದಾಳಿಯ ಗಾಯಾಳುಗಳನ್ನು ಹೊರಲು ಉಕ್ಕಿನ ಕೊಳವೆ ಮತ್ತು ಬಲೆಯಿಂದ ಮಾಡಿದ್ದ ಸ್ಟ್ರೆಚರುಗಳನ್ನು ಯುದ್ಧ ಮುಗಿದ ಮೇಲೆ ಅಡ್ಡಡ್ಡ ನಿಲ್ಲಿಸಿ ಬೇಲಿಯಾಗಿಸಿದರು. ಕೊಳವೆಯ ಎರಡು ತುದಿಗಳ ಬಳಿ ಕಾಣುವ ಬಾಗು, ಸ್ಟ್ರೆಚರನ್ನು ನೆಲದಿಂದ ಎತ್ತರಿಸಿ ಇಡಲು ಮಾಡಿದ್ದ ಕಾಲು. ಬೀದಿಯಲ್ಲಿ ನಿಂತೇ ನೋಡಬಹುದಾದ ಅಪ್ಪಟ ಉಕ್ಕು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಉಕ್ಕು ಎಲ್ಲಿ ಸಿಗುತ್ತದೆ

ಉಕ್ಕಿನ ಕಾರ್ಖಾನೆಗಳ ಗುರುತು ಸಿಗುವುದು ಉರುಳೆಗಳ ನಡುವೆ ಹಾಯ್ದು ಬಂದ ಸಾಮಾನಿನ ಮೇಲೆ: ಹಳಿ ಮತ್ತು ತೊಲೆ. ಬಿಸಿ ಉಕ್ಕು ಕೊನೆಯ ಉರುಳೆಯನ್ನು ದಾಟುವಾಗ ಅದರಲ್ಲಿ ಕೆತ್ತಿದ ಅಕ್ಷರಗಳು ಉಬ್ಬಿ ಮೂಡುತ್ತವೆ, ಮತ್ತು ಅದೇ ಬರಹ ನಿಯತ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಗಡಿಯವನಿಗೆ ಇಲ್ಲಿ ಎಡೆಯಿಲ್ಲ, ಹೆಸರು ಕಾರ್ಖಾನೆಯದೇ. ಹಳಿಯ ನಡುಪಟ್ಟಿಯ ಮೇಲೆ ಕಾರ್ಖಾನೆ, ವರ್ಷ, ಒಂದು ಗಜಕ್ಕೆ ಎಷ್ಟು ಪೌಂಡು ಎಂಬ ತೂಕ, ಕೆಲವು ಬಾರಿ ಉಕ್ಕು ತಯಾರಾದ ವಿಧಾನದ ಸಂಕೇತವೂ ಇರುತ್ತವೆ. ಓಡುವ ರೈಲಿನ ಹಳಿಯ ಹತ್ತಿರ ಹೋಗುವ ಅಗತ್ಯವಿಲ್ಲ. ಹಳೆಯ ಹಳಿಯ ತುಂಡುಗಳು ಬೇಲಿಯ ಗೂಟಗಳಾಗಿ ದೇಶದ ಉದ್ದಗಲಕ್ಕೂ ನಿಂತಿವೆ. ಪಶ್ಚಿಮ ಇಂಗ್ಲೆಂಡಿನಲ್ಲಿ ತಲೆಕೆಳಗಾದ ಯು ಆಕಾರದ ಗೂಟ ಸಿಕ್ಕರೆ ಅದು 1892ರಲ್ಲಿ ಕೊನೆಗೊಂಡ ಬ್ರೂನೆಲ್‌ನ ಅಗಲ ಹಳಿಯ ದಾರಿಯಿಂದ ಬಂದಿರುವ ಸಂಭವವುಂಟು. ತೊಲೆಗಳನ್ನು ನೋಡಲು ಪಾದಚಾರಿಗಳ ಸೇತುವೆಯ ಅಡಿ, ಹಳೆಯ ಅಂಗಡಿಯ ದುರಸ್ತಿ ನಡೆಯುವ ಕಡೆ, ನಿಲ್ದಾಣಗಳ ಚಾವಣಿ ಒಳ್ಳೆಯ ಜಾಗಗಳು. ಹೆಚ್ಚಾಗಿ ಸಿಗುವ ಹೆಸರು ಮಿಡಲ್ಸ್‌ಬರೋದ ಡಾರ್ಮನ್ ಲಾಂಗ್. ಹತ್ತಿರದ ಕ್ಲೀವ್‌ಲ್ಯಾಂಡ್ ಬೆಟ್ಟಗಳ ಅದಿರಿನಲ್ಲಿ ರಂಜಕ ಹೆಚ್ಚಾಗಿದ್ದುದರಿಂದ ಅದು ಬೆಸೆಮರ್ ವಿಧಾನಕ್ಕೆ ಒಗ್ಗುತ್ತಿರಲಿಲ್ಲ. ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ 1879ರಲ್ಲಿ ಕ್ಷಾರೀಯ ಒಳಪದರದ ಕುಲುಮೆಯಿಂದ ಆ ತೊಡಕನ್ನು ಬಿಡಿಸಿದ ಮೇಲೆ ಊರು ಕಬ್ಬಿಣದಿಂದ ಉಕ್ಕಿಗೆ ತಿರುಗಿತು. 1928ರ ಟೈನ್ ಸೇತುವೆಯನ್ನೂ 1932ರ ಸಿಡ್ನಿ ಬಂದರಿನ ಸೇತುವೆಯನ್ನೂ ಕಟ್ಟಿದ್ದು ಇದೇ ಕಂಪನಿ.

ಶೆಫೀಲ್ಡಿನ ವಿಷಯದಲ್ಲಿ ಎಚ್ಚರ ಬೇಕು. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಅಲ್ಲಿ ಮೂಸೆಯ ಉಕ್ಕನ್ನು ರೂಪಿಸಿದ, ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕುಹಿಡಿಯದ ಉಕ್ಕನ್ನು ತಯಾರಿಸಿದ; ಆ ಉಕ್ಕು ಹೋದದ್ದು ಚಾಕು, ಉಪಕರಣ, ಯಂತ್ರಭಾಗಗಳಿಗೆ. ಅಲ್ಲಿನ ಬೀದಿಗಳಲ್ಲಿ ಇಂದಿಗೂ ಉಳಿದಿರುವ, ಚರಂಡಿಯ ಅನಿಲವನ್ನು ಎಳೆದು ಉರಿಸುವ ಹಸಿರು ದೀಪದ ಕಂಬಗಳು ಬರ್ಮಿಂಗ್‌ಹ್ಯಾಮಿನ ವೆಬ್ ಎಂಬಾತನ ಹಕ್ಕುಪತ್ರದವು ಮತ್ತು ಎರಕದವು. ಉಕ್ಕಿನ ಊರಿನ ಬೀದಿಯಲ್ಲಿರುವುದೆಲ್ಲ ಆ ಊರಿನ ಉಕ್ಕು ಎಂದು ಬರೆದ ಫಲಕಗಳನ್ನು ನಂಬದಿರುವುದು ಒಳಿತು.

ಹೆಸರಿನಿಂದ ಕಾರ್ಖಾನೆಗೆ

ಹೆಸರು ಮತ್ತು ಊರು ಸಿಕ್ಕಿದ ಮೇಲೆ ಮನೆಗೆ ಬಂದು ಮಾಡುವ ಕೆಲಸ ಶುರುವಾಗುತ್ತದೆ. ಆ ಕಾಲದ ವ್ಯಾಪಾರ ಡೈರೆಕ್ಟರಿಗಳಲ್ಲಿ ವಿಳಾಸ ಹುಡುಕಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿರುವ ಹಳೆಯ ಸರ್ವೆ ನಕ್ಷೆಗಳಲ್ಲಿ ಆ ಜಾಗವನ್ನು ಗುರುತಿಸಿ, ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ. ಕಂಪನಿ ಯಾವಾಗ ಮುಚ್ಚಿತೆಂಬುದಕ್ಕೆ ಲಂಡನ್ ಗೆಜೆಟ್ ಮತ್ತು ಎಡಿನ್‌ಬರೋ ಗೆಜೆಟ್‌ಗಳ ಸಮಾಪನೆ ಪ್ರಕಟಣೆಗಳನ್ನು ಓದಿ. ನಕ್ಷೆಯಲ್ಲಿ ಎರಕದ ಕಾರ್ಖಾನೆ ಮತ್ತು ಉಕ್ಕಿನ ಕಾರ್ಖಾನೆಗೆ ಬೇರೆ ಬೇರೆ ಹೆಸರು ಬರೆದಿರುತ್ತಾರೆ ಎಂಬುದನ್ನು ಗಮನಿಸಿ.

ಹೀಗೆ ಹುಡುಕಿದಾಗ ಎರಡು ಪಟ್ಟಿಗಳು ಬೆಳೆಯುತ್ತವೆ. ಎರಕದ ಪಟ್ಟಿಯಲ್ಲಿ ಫಾಲ್ಕರ್ಕ್ ಬಳಿಯ ಕ್ಯಾರನ್ ಕಂಪನಿ 1759ರಲ್ಲಿ ಶುರುವಾಗಿ 1982ರಲ್ಲಿ ದಿವಾಳಿಯಾಯಿತು. ಲೋಕದ ನಾನಾ ಕಡೆಗೆ ಕಾರಂಜಿ, ಮಂಟಪಗಳನ್ನು ಕಳಿಸುತ್ತಿದ್ದ ಗ್ಲಾಸ್ಗೋದ ಸ್ಯಾರಸನ್ ಫೌಂಡ್ರಿ 1967ರಲ್ಲಿ, ಕರ್ಕಿಂಟಿಲಾಕಿನ ಲಯನ್ ಫೌಂಡ್ರಿ 1984ರಲ್ಲಿ, ಆಕ್ಸ್‌ಫರ್ಡಿನ ಲೂಸಿ ಕಂಪನಿಯ ಈಗಲ್ ಐರನ್‌ವರ್ಕ್ಸ್ 2005ರಲ್ಲಿ, ಡರ್ಬಿಶೈರಿನ ಸ್ಟ್ಯಾಂಟನ್ 2007ರಲ್ಲಿ ಮುಚ್ಚಿದವು. ಇವುಗಳ ಗಿರಾಕಿಯೇ ಮಾಯವಾಗಿದ್ದ: ದೀಪದ ಕಂಬ ಕಾಂಕ್ರೀಟು ಮತ್ತು ಉಕ್ಕಿನ ಕೊಳವೆಗೆ, ಮಳೆನೀರಿನ ಕೊಳವೆ ಪ್ಲಾಸ್ಟಿಕ್ಕಿಗೆ ಹೋಯಿತು, ಅಲಂಕಾರದ ಎರಕ ಯಾರಿಗೂ ಬೇಡವಾಯಿತು, ಕೊನೆಗೆ ಟೆಲಿಫೋನ್ ಪೆಟ್ಟಿಗೆಯೂ ಬದಲಾಯಿತು. ಲೂಸಿಯಂಥ ಕಂಪನಿ ವಿದ್ಯುತ್ ಉಪಕರಣಗಳಿಗೆ ತಿರುಗಿ ಇಂದಿಗೂ ಬದುಕಿರುವುದು ಈ ಪಟ್ಟಿಯಲ್ಲಿ ಮರೆಯಬಾರದ ಸಂಗತಿ. ಕಾರ್ಖಾನೆ ಮುಚ್ಚುವುದೂ ಕಂಪನಿ ಸಾಯುವುದೂ ಒಂದೇ ಅಲ್ಲ.

ಉಕ್ಕಿನ ಪಟ್ಟಿಯ ತಾರೀಖುಗಳು ಬೇರೊಂದು ಲಯದಲ್ಲಿವೆ. 1967ರಲ್ಲಿ ಹದಿನಾಲ್ಕು ದೊಡ್ಡ ಕಂಪನಿಗಳು ರಾಷ್ಟ್ರೀಕರಣಗೊಂಡು ಬ್ರಿಟಿಷ್ ಸ್ಟೀಲ್ ಕಾರ್ಪೊರೇಷನ್ ಆದವು. 1973ರ ತೈಲ ಬಿಕ್ಕಟ್ಟಿನ ನಂತರ ಬೇಡಿಕೆ ಕುಸಿಯಿತು. ಸ್ಥಳೀಯ ಅದಿರು ಮತ್ತು ಕಲ್ಲಿದ್ದಲಿನ ಮೇಲೆ ಹುಟ್ಟಿದ್ದ ಒಳನಾಡಿನ ಕಾರ್ಖಾನೆಗಳು ಆಮದು ಅದಿರನ್ನು ಬಂದರಿನಿಂದ ರೈಲಿನಲ್ಲಿ ತರಿಸುತ್ತ ನಷ್ಟ ಅನುಭವಿಸತೊಡಗಿದವು. ಮೂರು ತಿಂಗಳು ನಡೆದ ಮುಷ್ಕರದ ವರ್ಷವಾದ 1980ರಲ್ಲೇ ಕಾನ್ಸೆಟ್ಟಿನ ಕಾರ್ಖಾನೆ ಮುಚ್ಚಿತು, ಕಾರ್ಬಿ ಮತ್ತು ಶಾಟನ್ನಿನಲ್ಲಿ ಉಕ್ಕಿನ ತಯಾರಿಕೆ ನಿಂತಿತು. 1988ರಲ್ಲಿ ಖಾಸಗೀಕರಣ, 1992ರಲ್ಲಿ ಸ್ಕಾಟ್ಲೆಂಡಿನ ರೇವನ್‌ಕ್ರೇಗ್ ಬಂದ್, 1999ರಲ್ಲಿ ಡಚ್ಚರ ಕಂಪನಿಯೊಂದಿಗೆ ವಿಲೀನಗೊಂಡು ಕೋರಸ್ ಎಂಬ ಹೆಸರು, 2007ರಲ್ಲಿ ಟಾಟಾ ಸ್ಟೀಲ್ ಖರೀದಿ. ಅಗ್ಗದ ಉಕ್ಕು ಲೋಕದ ಮಾರುಕಟ್ಟೆಯಲ್ಲಿ ತುಂಬಿದ 2015ರಲ್ಲಿ ರೆಡ್‌ಕಾರಿನ ಊದುಕುಲುಮೆ, ಅಂದರೆ ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್, ನಂದಿತು. ಡಾರ್ಮನ್ ಲಾಂಗ್ ಹೆಸರು ಹೊತ್ತಿದ್ದ ಅಲ್ಲಿನ ಕಾಂಕ್ರೀಟ್ ಗೋಪುರಕ್ಕೆ 2021ರ ಸೆಪ್ಟೆಂಬರಿನಲ್ಲಿ ಸಂರಕ್ಷಿತ ಸ್ಥಾನ ಸಿಕ್ಕಿ, ಕೆಲವೇ ದಿನಗಳಲ್ಲಿ ಅದು ರದ್ದಾಗಿ, ಅದೇ ತಿಂಗಳು ಗೋಪುರ ಉರುಳಿತು. ವೇಲ್ಸಿನ ಪೋರ್ಟ್ ಟಾಲ್ಬಟ್ಟಿನ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ನಿಂತಿತು. ಅದರ ಜಾಗಕ್ಕೆ ಗುಜರಿ ಕರಗಿಸುವ ವಿದ್ಯುತ್ ಕುಲುಮೆ ಬರಲಿದೆ. ಇಂಗ್ಲೆಂಡಿನ ಸ್ಕಂತಾರ್ಪ್‌ನ ಕುಲುಮೆಗಳಿಗೆ ಮೇರಿ, ಬೆಸ್, ಆ್ಯನ್, ವಿಕ್ಟೋರಿಯಾ ಎಂದು ನಾಲ್ವರು ರಾಣಿಯರ ಹೆಸರು. ಅವುಗಳಲ್ಲಿ ಉರಿಯುತ್ತಿದ್ದ ಬೆಸ್ ಮತ್ತು ಆ್ಯನ್ ನಂದದಂತೆ ನೋಡಿಕೊಳ್ಳಲು 2025ರ ಏಪ್ರಿಲ್ 12ರ ಶನಿವಾರ ಸಂಸತ್ತು ಸೇರಿ ಒಂದೇ ದಿನದಲ್ಲಿ ಕಾಯಿದೆ ಮಾಡಿತು.

ಎರಡು ಪಟ್ಟಿಗಳನ್ನು ಬೀದಿಗೆ ಮರಳಿ ಜೋಡಿಸುವಾಗ ಯಾವ ಕಾರ್ಖಾನೆ ಏನನ್ನು ತಯಾರಿಸುತ್ತಿತ್ತು ಎಂದು ಕೇಳಿ. ಪೋರ್ಟ್ ಟಾಲ್ಬಟ್ಟಿನದು ಕಾರು, ಡಬ್ಬಿ, ಗೃಹೋಪಕರಣಗಳಿಗೆ ಹೋಗುವ ತಗಡು; ಅದರ ಕುಲುಮೆ ನಿಂತದ್ದಕ್ಕೂ ಚರಂಡಿಯ ಮುಚ್ಚಳಕ್ಕೂ ಸಂಬಂಧವಿಲ್ಲ. ಸ್ಕಂತಾರ್ಪ್‌ನದು ಹಳಿ ಮತ್ತು ತೊಲೆ. ಬ್ರಿಟನ್ನಿನ ಕೊನೆಯ ಬೆಸೆಮರ್ ಉಕ್ಕು ತಯಾರಾದ ವರ್ಕಿಂಗ್ಟನ್ನಿನಲ್ಲಿ 1974ರಲ್ಲಿ ಉಕ್ಕಿನ ತಯಾರಿಕೆ ನಿಂತರೂ ಹಳಿ ಉರುಳಿಸುವ ಕೆಲಸ 2006ರವರೆಗೆ ನಡೆದು, ಆಮೇಲೆ ಸ್ಕಂತಾರ್ಪ್‌ಗೆ ಹೋಯಿತು. ಆದ್ದರಿಂದ 1974ರ ಈಚಿನ ವರ್ಷವಿರುವ ವರ್ಕಿಂಗ್ಟನ್ ಹಳಿ ಸಿಕ್ಕರೆ, ಉರುಳಿಸಿದ ಊರು ಅದೇ, ಉಕ್ಕು ಕರಗಿದ ಊರು ಬೇರೆ ಎಂದು ಎರಡು ಸಾಲಾಗಿ ಬರೆದುಕೊಳ್ಳಿ.

ದಾಖಲೆಯ ಹಾಳೆಯಲ್ಲಿ ಬೀದಿಯ ಹೆಸರು, ಮನೆಯ ಸಂಖ್ಯೆಯ ಎದುರೋ ಪಕ್ಕವೋ ಎಂಬುದು, ಅಳತೆ, ಲೋಹ, ಅಕ್ಷರಗಳು ಇದ್ದಂತೆಯೇ, ಚಿತ್ರ ತೆಗೆದ ತಾರೀಖು ಇವಿಷ್ಟನ್ನು ಬರೆಯಿರಿ. ಓದಲಾಗದ ಅಕ್ಷರದ ಜಾಗದಲ್ಲಿ ಊಹೆಯನ್ನು ತುಂಬದೆ ಚುಕ್ಕೆಯಿಡಿ. ಇನ್ನೊಂದು ಬೀದಿಯಲ್ಲಿ ಅದೇ ಮಾದರಿಯ ಕಡಿಮೆ ಸವೆದ ಮುಚ್ಚಳ ಸಿಕ್ಕಿದಾಗ ಚುಕ್ಕೆಗಳು ತುಂಬುತ್ತವೆ. ಹೆಸರು ಮಾರಾಟಗಾರನದೆಂದು ತೋರಿದರೆ ತಯಾರಕ ಎಂಬ ಅಂಕಣವನ್ನು ಖಾಲಿ ಬಿಡಿ. ರಸ್ತೆಯ ಕೆಲಸಕ್ಕಾಗಿ ಅಗೆಯಲಿರುವ ಬೀದಿಯಲ್ಲಿ ಹಳೆಯ ಬಿಲ್ಲೆ ಅಥವಾ ಕಂಬ ಇದ್ದರೆ, ಚಿತ್ರ ಮತ್ತು ಹಾಳೆಯ ಪ್ರತಿಯನ್ನು ಸ್ಥಳೀಯ ಕೌನ್ಸಿಲ್ಲಿನ ಸಂರಕ್ಷಣಾ ಅಧಿಕಾರಿಗೆ ಕೆಲಸ ಶುರುವಾಗುವ ಮೊದಲೇ ಕಳಿಸಿ, ಏಕೆಂದರೆ ಕಿತ್ತ ಎರಕ ಆ ಸಂಜೆಯೇ ಗುಜರಿಯ ಲಾರಿ ಹತ್ತಬಹುದು.